ಏಳರಿಂದ ಮೂರಕ್ಕೆ: ಚರ್ಮದ ಆರೈಕೆಯ ಒಂದು ಪಾಠ, ನಾಲ್ಕು ಶಾಲೆಗಳಲ್ಲಿ

ಎಂಟನೆಯ ತರಗತಿಯ ವಿಜ್ಞಾನದಲ್ಲಿ ಹದಿಹರೆಯವನ್ನು ಕುರಿತ ಘಟಕವಿದೆ. ಈ ವಯಸ್ಸಿನಲ್ಲಿ ಬೆವರಿನ ಗ್ರಂಥಿಗಳೂ ತೈಲ ಗ್ರಂಥಿಗಳೂ ಚುರುಕಾಗುವುದು, ಮೊಡವೆ ಏಳುವುದು ಅಲ್ಲಿ ಬರುತ್ತದೆ. ಶಾಲಾ ಅನುಭವದ ಅವಧಿಯಲ್ಲಿ ನಮ್ಮ ಗುಂಪಿನ ನಾಲ್ವರು ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಒಂದೊಂದು ಪ್ರೌಢಶಾಲೆಗೆ ಹೋಗಿದ್ದೆವು. ಈ ಘಟಕದಿಂದ ‘ದಿನನಿತ್ಯದ ಚರ್ಮದ ಆರೈಕೆ’ ಎಂಬ ಒಂದೇ ಪಾಠವನ್ನು ಆರಿಸಿಕೊಂಡು, ನಾಲ್ಕೂ ಕಡೆ ಬೋಧಿಸಿ, ಪ್ರತಿ ಸಲ ತಿದ್ದಿಕೊಳ್ಳಬೇಕೆಂದು ಮಾರ್ಗದರ್ಶಕರು ಸೂಚಿಸಿದ್ದರು. ಮೊದಲ ಪಾಠ ನನ್ನದು, ಇಂಡಿ ತಾಲ್ಲೂಕಿನಲ್ಲಿ. ಅದು ಕೆಟ್ಟಿತು. ಹೇಗೆ ಕೆಟ್ಟಿತೆಂದು ಹೇಳುವುದಕ್ಕಾಗಿಯೇ ಮುಖ್ಯವಾಗಿ ಈ ಲೇಖನ.

ನಾನು ಮಾಡಿಕೊಂಡು ಹೋಗಿದ್ದ ಚಾರ್ಟಿನಲ್ಲಿ ಏಳು ಹಂತಗಳಿದ್ದವು: ಸೋಪಿನಿಂದ ತೊಳೆಯುವುದು, ಕಡಲೆ ಹಿಟ್ಟಿನಿಂದ ತಿಕ್ಕುವುದು, ಲಿಂಬೆ ರಸ ಸವರುವುದು, ಅರಿಶಿನದ ಲೇಪ, ಗುಲಾಬಿ ನೀರು, ಕ್ರೀಮು, ಪೌಡರು. ಅರ್ಧ ಮೊಬೈಲಿನ ವಿಡಿಯೊಗಳಿಂದ, ಅರ್ಧ ನಮ್ಮ ಮನೆಯ ರೂಢಿಯಿಂದ ತೆಗೆದದ್ದು. ಮಕ್ಕಳು ಬಣ್ಣದ ಪೆನ್ನಿನಲ್ಲಿ ಬರೆದುಕೊಂಡರು. ವೀಕ್ಷಣಾ ಪತ್ರದಲ್ಲಿ ‘ಬೋಧನೋಪಕರಣ ಆಕರ್ಷಕ’ ಎಂಬ ಷರಾ ಬಿತ್ತು. ಪಾಠ ಮುಗಿಯಲು ಐದು ನಿಮಿಷವಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು.

“ಟೀಚರ್‌ರೀ, ಲಿಂಬಿ ಹಚ್ಚಿದ್ರ ಬೆಳ್ಳಗ ಆಗ್ತದಂತ ಬರ್ದೀರಿ. ನಮ್ಮವ್ವ ದಿನಾ ಲಿಂಬಿ ಹರೀತಾಳ. ಆಕಿ ಕೈ ಯಾಕ ಕರ್ರಗ ಆಗ್ಯಾವ?”

ಬಿಸಿಲಿಗೆ ಎಂದೆ. “ಬಿಸಲಾಗ ನಮ್ಮಪ್ಪನೂ ಇರ್ತಾನ್ರಿ. ಅವನ ಕೈಮ್ಯಾಲ ಆ ಕಲಿ ಇಲ್ಲ.” ನನ್ನ ಬಳಿ ಉತ್ತರವಿರಲಿಲ್ಲ. ಗಂಟೆ ಹೊಡೆಯಿತು, ನನಗೆ ಹಾಯೆನಿಸಿತು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಇಂಡಿ ಲಿಂಬೆಯ ನಾಡು. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದು ಇಲ್ಲಿಯೇ. 2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಗುರುತೂ ಸಿಕ್ಕಿತು. ಅಂಥ ಊರಿನ ತರಗತಿಯಲ್ಲಿ ನಿಂತು ಲಿಂಬೆಯ ಬಗ್ಗೆ ಏನೂ ತಿಳಿಯದೆ ಪಾಠ ಮಾಡಿದ್ದೆ. ಆ ಸಂಜೆ ಓದಿ ತಿಳಿದದ್ದು ಇಷ್ಟು. ಲಿಂಬೆಯಲ್ಲಿ, ರಸಕ್ಕಿಂತ ಹೆಚ್ಚಾಗಿ ಸಿಪ್ಪೆಯಲ್ಲಿ, ಫ್ಯೂರೊಕೌಮರಿನ್ ಎಂಬ ರಾಸಾಯನಿಕಗಳಿವೆ. ಅವು ಚರ್ಮಕ್ಕೆ ತಾಗಿದ ಮೇಲೆ ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಆ ಜಾಗದ ಜೀವಕೋಶಗಳು ಸುಟ್ಟಂತೆ ಹಾನಿಗೊಳ್ಳುತ್ತವೆ. ಒಂದೆರಡು ದಿನದಲ್ಲಿ ಕೆಂಪಾಗುತ್ತದೆ, ಕೆಲವೊಮ್ಮೆ ಗುಳ್ಳೆ ಏಳುತ್ತದೆ. ಆಮೇಲೆ ಉಳಿಯುವ ಕಪ್ಪು ಕಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಹೋಗುವುದಿಲ್ಲ. ಬಿಸಿಲೊಂದೇ ಸಾಲದು, ಲಿಂಬೆಯೊಂದೇ ಸಾಲದು, ಎರಡೂ ಕೂಡಬೇಕು. ತಂದೆಯ ಕೈಯನ್ನೂ ತಾಯಿಯ ಕೈಯನ್ನೂ ಹೋಲಿಸಿದ ಆ ಹುಡುಗಿ ವಿಜ್ಞಾನದ ವಿಧಾನವನ್ನೇ ಹಿಡಿದಿದ್ದಳು.

ಮರುದಿನ ಮೊದಲ ಅವಧಿಯಲ್ಲಿಯೇ ಮೂರನೆಯ ಹಂತವನ್ನು ಹೊಡೆದುಹಾಕಿಸಿದೆ. ಅಷ್ಟರಲ್ಲಿ ಒಬ್ಬ ಹುಡುಗ ಅರ್ಧ ಲಿಂಬೆಯಿಂದ ಮುಖ ತಿಕ್ಕಿಕೊಂಡು ಆಟಕ್ಕೆ ಹೋಗಿ ಬಂದಿದ್ದ. ಅವನ ಕೆನ್ನೆ ಕೆಂಪಾಗಿ, ನಂತರ ಕಪ್ಪಾಗಿ, ನಾವು ಆ ಶಾಲೆ ಬಿಡುವವರೆಗೂ ಹಾಗೆಯೇ ಇತ್ತು. ಅವನೇನೂ ಬೇಸರ ಮಾಡಿಕೊಳ್ಳಲಿಲ್ಲ. ನಾನು ಅವನತ್ತ ನೋಡಿ ಪಾಠ ಮಾಡುವುದು ಮಾತ್ರ ಕಷ್ಟವಾಯಿತು.

ಗುಂಪಿನ ಚರ್ಚೆಯಲ್ಲಿ ಒಂದು ನಿಯಮ ಮಾಡಿಕೊಂಡೆವು: ಚಾರ್ಟಿನಲ್ಲಿರುವ ಪ್ರತಿ ವಸ್ತುವೂ ‘ಚರ್ಮಕ್ಕೆ ನೀನು ಮಾಡುವ ಕೆಲಸವೇನು?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಗುಲಾಬಿ ನೀರು, ಪೌಡರು ಕೂಡಲೇ ಬಿದ್ದುಹೋದವು. ಸಿಂದಗಿಯಲ್ಲಿ ಉಳಿದ ನಾಲ್ಕರೊಂದಿಗೆ ಪಾಠ ಸಲೀಸಾಗಿ ನಡೆಯಿತು, ಎಲ್ಲ ಪ್ರಶ್ನೆಗೂ ಉತ್ತರ ಬಂತು. ಅದರಿಂದ ನಾವು ಕಲಿತದ್ದು ಕಡಿಮೆ.

ಬಸವನ ಬಾಗೇವಾಡಿಯಲ್ಲಿ ಸೋಪಿನ ಹಂತವೇ ಅಲುಗಾಡಿತು. ಏಳನೆಯ ತರಗತಿಯ ಅರಿಶಿನ ಕಾಗದದ ಪ್ರಯೋಗವನ್ನು ಮತ್ತೆ ಮಾಡಿಸಿದೆವು. ಸೋಪಿನ ನೀರು ತಾಗಿದೊಡನೆ ಹಳದಿ ಕೆಂಪಾಯಿತು: ಸೋಪು ಪ್ರತ್ಯಾಮ್ಲೀಯ. ಆದರೆ ನಮ್ಮ ಚರ್ಮದ ಮೇಲ್ಮೈ ತುಸು ಆಮ್ಲೀಯ. (ಲಿಂಬೆ ರಸಕ್ಕೆ ಅರಿಶಿನ ಹಳದಿಯಾಗಿಯೇ ಉಳಿಯುತ್ತದೆ, ನೀರಿಗೂ ಹಾಗೆಯೇ. ಆಮ್ಲವನ್ನು ತೋರಿಸಬೇಕಾದರೆ ನೀಲಿ ಲಿಟ್ಮಸ್ ಒಯ್ಯಲೇಬೇಕು, ನಾವು ಮರೆತಿದ್ದೆವು.) ಬಳಿಕ ಎರಡು ಬಾಟಲಿಗಳಲ್ಲಿ ಬೋರಿನ ನೀರು, ಹಿಡಿದಿಟ್ಟ ಮಳೆನೀರು ತುಂಬಿ, ಸಮನಾಗಿ ಸೋಪಿನ ಚೂರು ಹಾಕಿ ಕುಲುಕಿದರು. ಬೋರಿನ ನೀರಿನಲ್ಲಿ ನೊರೆ ಏಳಲಿಲ್ಲ, ಬಿಳಿಯ ಗಸಿ ನಿಂತಿತು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಡನೆ ಕೂಡಿ ಆಗುವ ಗಸಿ ಅದು. ನೊರೆ ಬರಲಿಲ್ಲವೆಂದು ಮಕ್ಕಳು ಮತ್ತಷ್ಟು ಸೋಪು ತಿಕ್ಕುತ್ತಾರೆ. ಗಸಿ ಚರ್ಮದ ಮೇಲೆ ಉಳಿದು ಒಣಗಿಸುತ್ತದೆ, ಚಳಿಗಾಲದಲ್ಲಿ ಮೊಣಕಾಲು ಬಿರಿಯುತ್ತದೆ. ದಿನಕ್ಕೆ ಒಂದು ಸಲ, ಬೆವರುವ ಜಾಗಕ್ಕೆ ಸೋಪು, ಉಳಿದ ಹೊತ್ತು ಬರಿಯ ನೀರು ಎಂದು ತಿದ್ದಿದೆವು. ಕಡಲೆ ಹಿಟ್ಟಿನ ತಿಕ್ಕಾಟ, ಅರಿಶಿನದ ಲೇಪ ಹಬ್ಬದ ದಿನಕ್ಕೆ ಹೋದವು.

ಕ್ರೀಮಿನ ಜಾಗಕ್ಕೆ ಎಣ್ಣೆ ಬಂತು. ಸ್ನಾನದ ಮೇಲೆ ಮೈ ಇನ್ನೂ ಹಸಿಯಿರುವಾಗ ನಾಲ್ಕು ಹನಿ ಕೊಬ್ಬರಿ ಎಣ್ಣೆಯನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಕೈಕಾಲಿಗೆ ಸವರಿದರೆ ತೇವ ಆರಿಹೋಗದು. ಮೊಡವೆ ಇರುವ ಮುಖಕ್ಕೆ ಎಣ್ಣೆ ಬೇಡ.

ಮುದ್ದೇಬಿಹಾಳದಲ್ಲಿ ಕ್ರೀಮು ಹೊರಗಿಟ್ಟ ಮಾತೇ ಪಾಠವಾಯಿತು. “ಬೆಳ್ಳಗ ಆಗಾಕ ಮತ್ತೇನ್ ಹಚ್ಚೂದ್ರಿ?” ಎಂದು ಒಬ್ಬಳು ಕೇಳಿದಳು, ಯಾರೂ ನಗಲಿಲ್ಲ. ಅಲ್ಲಿ ಬೋಧಿಸುತ್ತಿದ್ದ ನಮ್ಮ ಗೆಳತಿ ಮೆಲನಿನ್ ಬಗ್ಗೆ ಹೇಳಿದಳು: ಅದು ನೇರಳಾತೀತ ಕಿರಣವನ್ನು ಹೀರಿ ಒಳಗಿನ ಜೀವಕೋಶಗಳನ್ನು ಕಾಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ಅದು ಕೊಳೆಯಲ್ಲ, ಕೊಡೆ. ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಆದದ್ದನ್ನು ಹೇಳಿದಾಗ ಒಬ್ಬ ಹುಡುಗ, “ಹೆಸರು ಬದಲಾತು, ನಮ್ಮಕ್ಕ ಬದಲಾಗಿಲ್ರಿ” ಎಂದ. ಮೊಡವೆಗೆಂದು ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಮುಲಾಮುಗಳ ಅಪಾಯವನ್ನೂ ಹೇಳಬೇಕಾಯಿತು: ಅವು ಚರ್ಮವನ್ನು ತೆಳುವಾಗಿಸುತ್ತವೆ, ಬಿಟ್ಟೊಡನೆ ಉರಿ, ಮೊಡವೆ ಮರಳುತ್ತವೆ. ಅಂಥ 14 ಬಗೆಯ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ಅಧಿಸೂಚನೆ ಹೊರಡಿಸಿದೆ. ಈ ಭಾಗಕ್ಕೆ ಹದಿನೈದು ನಿಮಿಷ ಹೋಯಿತು, ಮೌಲ್ಯಮಾಪನಕ್ಕೆ ಸಮಯ ಉಳಿಯಲಿಲ್ಲ. ವೀಕ್ಷಕರು ಅಂಕ ಕಡಿದರು. ನನಗೆ ನಾಲ್ಕರಲ್ಲಿ ಅದೇ ಉತ್ತಮ ಪಾಠವೆನಿಸಿತು.

ಕೊನೆಯ ವಾರ ಇಂಡಿಯಲ್ಲಿ ಅದೇ ತರಗತಿಗೆ ಮತ್ತೆ ಪಾಠ ಮಾಡಿದೆ. ಚಾರ್ಟು ಇರಲಿಲ್ಲ. ಕಪ್ಪುಹಲಗೆಯ ಮೇಲೆ ಮೂರೇ ಪದ: ತೊಳೆ, ಸವರು, ಮುಚ್ಚು. ಮುಚ್ಚುವುದೆಂದರೆ ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗಿನ ಬಿಸಿಲಿಗೆ ಸೆರಗು, ಟವೆಲು, ಟೋಪಿ, ತುಂಬುತೋಳಿನ ಅಂಗಿ. ಬಿಸಿಲು ತಡೆಯುವ ಸನ್‌ಸ್ಕ್ರೀನ್ ಒಳ್ಳೆಯದೇ. ಆದರೆ ಹೊಲಕ್ಕೆ ಹೋಗುವ ಮನೆಗೆ ತಿಂಗಳು ತಿಂಗಳೂ ಅದನ್ನು ಕೊಳ್ಳಲು ಹೇಳುವ ಧೈರ್ಯ ನಮಗಾಗಲಿಲ್ಲ. ಲಿಂಬೆ ಹರಿಯುವವರಿಗೆ ತೋಳು ಮುಚ್ಚಿ, ರಸ ತಾಗಿದೊಡನೆ ಕೈ ತೊಳೆಯಿರಿ ಎಂದು ಸೇರಿಸಿದೆ.

ಹಿಂದಿನ ಬೆಂಚಿನ ಹುಡುಗಿ ಮತ್ತೆ ಎದ್ದಳು. “ತೋಟದಾಗ ಸಾಬಾಣ ಎಲ್ಲಿಂದ ತರಬೇಕ್ರಿ?” ಹನಿ ನೀರಾವರಿಯ ಪೈಪು ಇರುತ್ತದಲ್ಲ, ಸದ್ಯಕ್ಕೆ ಆ ನೀರೇ ಆಗಬಹುದು, ಸೋಪು ಮನೆಗೆ ಬಂದ ಮೇಲೆ ಎಂದೆವು, ಎಂದೆವು ಅನ್ನುವುದೇಕೆಂದರೆ ಉತ್ತರದ ಅರ್ಧ ಮುಂದಿನ ಬೆಂಚಿನಿಂದ ಬಂತು. ತಿದ್ದಿದ ಪಾಠ ಯೋಜನೆಯಲ್ಲಿ ತೊಡಗಿಸಿಕೊಳ್ಳುವ ಹಂತಕ್ಕೆ ಈಗ ಚಿತ್ರವಿಲ್ಲ, ಹಾಡಿಲ್ಲ. ಅವಳ ಮೊದಲ ಪ್ರಶ್ನೆಯನ್ನೇ ಅಲ್ಲಿಟ್ಟಿದ್ದೇವೆ: ದಿನವೂ ಲಿಂಬೆ ಹರಿಯುವ ತಾಯಿಯ ಕೈ ಏಕೆ ಕಪ್ಪಾಗಿವೆ?