ಎಲ್ಲರ ನೆಲ

ಪ್ರತಿಯೊಂದು ಊರಿನಲ್ಲಿಯೂ ಎರಡು ಬಗೆಯ ಭೂಮಿ ಇರುತ್ತದೆ. ಖಾತೆ, ಪಹಣಿಗಳಲ್ಲಿ ಒಡೆಯನ ಹೆಸರನ್ನು ಪಡೆದ ಹೊಲ, ತೋಟ, ಗದ್ದೆಗಳು ಒಂದು ಬಗೆ. ಯಾರೊಬ್ಬರ ಹೆಸರೂ ಇಲ್ಲದೆ ಎಲ್ಲರ ಬಳಕೆಗೂ ಒದಗುವ ಗೋಮಾಳ, ಗುಂಡುತೋಪು, ಕೆರೆಯಂಗಳ, ಕಾವಲುಗಳು ಮತ್ತೊಂದು ಬಗೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಂತಹ ಅಲ್ಪವೃಷ್ಟಿಯ ಸೀಮೆಯಲ್ಲಿ ಈ ಎರಡನೆಯ ಬಗೆಯ ಭೂಮಿಯೇ ಬಡವರಿಗೆ ಆಸರೆ. ಮಳೆ ಕೈಕೊಟ್ಟ ವರ್ಷ ಹೊಲದಲ್ಲಿ ರಾಗಿ, ಕಡಲೆಕಾಯಿ ಬಾರದಿದ್ದರೂ ಗೋಮಾಳದ ಹುಲ್ಲು ಹತ್ತು ಕುರಿಗಳನ್ನು ಉಳಿಸುತ್ತದೆ. ಆ ಕುರಿಗಳು ಮನೆಯನ್ನು ಉಳಿಸುತ್ತವೆ.

ನಾನು ಬಾಲಕನಾಗಿದ್ದಾಗ ಕರಿಯ ಕಂಬಳಿ ಹೊದ್ದು ಕುರಿಹಿಂಡನ್ನು ಅಟ್ಟಿಕೊಂಡು ಹೋಗುತ್ತಿದ್ದ ಮುದುಕನೊಬ್ಬನನ್ನು, “ನಿಂಗೆ ಹೊಲ ಎಷ್ಟೈತೆ ತಾತ?” ಎಂದು ಕೇಳಿದ್ದೆ. ಆತ ಕೋಲಿನಿಂದ ಬಯಲನ್ನು ತೋರಿಸಿ, “ನಂದು ಅಂತ ಒಂದು ಗುಂಟೆನೂ ಇಲ್ಲ ಕಣಪ್ಪ, ನಮ್ದು ಅಂತ ಇದಿಷ್ಟೂ ಐತೆ” ಎಂದ. ಆ ಮಾತಿನ ಅರ್ಥ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ನಮ್ಮ ಸೀಮೆಗೆ ಗೋಮಾಳ ಹೇಗೋ ಕರಾವಳಿಗೆ ಕಡಲ ದಂಡೆ ಹಾಗೆ. ದೋಣಿಯನ್ನು ನೀರಿಗಿಳಿಸುವುದು, ಬಲೆ ಹರವುವುದು, ಮೀನು ಒಣಗಿಸುವುದು ಎಲ್ಲವೂ ಅಲ್ಲಿಯೇ. ಹಿಂದೆ ರಂಪಣಿ ಎಂಬ ದೊಡ್ಡ ಬಲೆಯನ್ನು ದಂಡೆಯ ಮೇಲೆ ನಿಂತು ಹತ್ತಾರು ಜನ ಕೂಡಿ ಎಳೆಯುತ್ತಿದ್ದರು. ದಂಡೆಯಿಲ್ಲದೆ ಆ ಕಸುಬೇ ಇಲ್ಲ.

ಇಂತಹ ಸಾರ್ವಜನಿಕ ಭೂಮಿ ಕೆಲವೊಮ್ಮೆ ದೇಶದ ರಕ್ಷಣೆಗೆ ಬೇಕಾಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಕಾರವಾರದ ಬಳಿ ನಡೆದುದು ಇದಕ್ಕೆ ನಿದರ್ಶನ. ಮುಂಬಯಿ ಬಂದರಿನಲ್ಲಿ ವಾಣಿಜ್ಯ ಹಡಗುಗಳ ದಟ್ಟಣೆ ಹೆಚ್ಚಿದ್ದರಿಂದ, 1971ರ ಯುದ್ಧದ ಅನಂತರ ಪಶ್ಚಿಮ ತೀರದಲ್ಲಿ ನೌಕಾಪಡೆಗೆ ಪ್ರತ್ಯೇಕ ನೆಲೆ ಬೇಕೆಂಬ ವಿಚಾರ ಬಲಗೊಂಡಿತು. ಬೆನ್ನಿಗೆ ಸಹ್ಯಾದ್ರಿಯ ಗುಡ್ಡಗಳೂ ಮುಂದೆ ಆಳವಾದ ಕಡಲೂ ಅಂಜದೀವ್ ದ್ವೀಪವೂ ಇರುವ ಅರ್ಗಾ ಪ್ರದೇಶವು ಇದಕ್ಕೆ ತಕ್ಕುದಾಗಿ ಕಂಡಿತು. 1986ರ ಅಕ್ಟೋಬರ್ 24ರಂದು ಅಂದಿನ ಪ್ರಧಾನಮಂತ್ರಿ ರಾಜೀವ್ ಗಾಂಧಿಯವರು ‘ಸೀಬರ್ಡ್’ ಯೋಜನೆಗೆ ಶಂಕುಸ್ಥಾಪನೆ ಮಾಡಿದರು. 2005ರ ಮೇ 31ರಂದು ನೆಲೆಯು ಕಾರ್ಯಾರಂಭ ಮಾಡಿತು. ಬನವಾಸಿಯ ಅರಸುಮನೆತನದ ಸ್ಮರಣೆಗಾಗಿ ಅದಕ್ಕೆ ‘ಐ.ಎನ್.ಎಸ್. ಕದಂಬ’ ಎಂದು ಹೆಸರಾಯಿತು.

ಈ ನೆಲೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ 13 ಹಳ್ಳಿಗಳ ಸುಮಾರು 4,000 ಕುಟುಂಬಗಳು ಮನೆಮಾರು ಬಿಟ್ಟವು. ಗದ್ದೆ, ತೋಟಗಳಿಗೆ ಪರಿಹಾರ ದೊರೆಯಿತು. ಅದರ ಮೊತ್ತ ಸಾಲದೆಂದು ಅನೇಕರು ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಗದ್ದೆಯನ್ನು ಗುಂಟೆಯ ಲೆಕ್ಕದಲ್ಲಿ ಅಳೆಯಬಹುದು. ಆದರೆ ಮನೆಯ ಮುಂದಿನ ದಂಡೆಯಿಂದ ದೋಣಿ ಇಳಿಸುತ್ತಿದ್ದವನ ನಷ್ಟವನ್ನು ಯಾವ ಸರಪಳಿಯಿಂದ ಅಳೆಯುವುದು? ದಂಡೆ ಅವನ ಹೆಸರಿನಲ್ಲಿರಲಿಲ್ಲ. ಅವನ ಬದುಕು ಮಾತ್ರ ದಂಡೆಯ ಮೇಲಿತ್ತು.

ಕಡಲು ನಮಗೆ ದೂರ. ಈ ಪ್ರಶ್ನೆಯೇನೂ ದೂರವಲ್ಲ. ಪಾವಗಡದ ನೆರೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಅಮೃತಮಹಲ್ ಕಾವಲುಗಳೆಂಬ ವಿಶಾಲವಾದ ಹುಲ್ಲುಗಾವಲುಗಳಿವೆ. ಇಂತಹ ಕಾವಲುಗಳ ಚರಿತ್ರೆ ವಿಶಿಷ್ಟವಾದುದು. ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನು ಏರ್ಪಡಿಸಿ ಕಾವಲುಗಳನ್ನು ಮೀಸಲಿಟ್ಟರು. ಹೈದರಾಲಿಯು ಆ ತಳಿಯ ಎತ್ತುಗಳನ್ನು ಸೈನ್ಯದ ಸಾಮಗ್ರಿ ಎಳೆಯಲು ಬಳಸಿದನು. ಟಿಪ್ಪು ಸುಲ್ತಾನನು ಆ ಇಲಾಖೆಗೆ ‘ಅಮೃತಮಹಲ್’ ಎಂದು ಹೆಸರಿಟ್ಟನು. ಹೀಗೆ ಕಾವಲುಗಳೂ ಒಂದು ಕಾಲಕ್ಕೆ ಸೈನ್ಯಕ್ಕಾಗಿಯೇ ಕಾದಿಟ್ಟ ಭೂಮಿ. ಆದರೆ ಅಂದಿನ ಮೀಸಲಿನಲ್ಲಿ ಹುಲ್ಲು ಹುಲ್ಲಾಗಿಯೇ ಉಳಿಯಿತು. ಕಾಲಕ್ರಮದಲ್ಲಿ ಸುತ್ತಲಿನ ಹಳ್ಳಿಗಳ ದನಕುರಿಗಳೂ ಅಲ್ಲಿ ಮೇಯತೊಡಗಿದವು. ಕುರಿಯ ಉಣ್ಣೆಯಿಂದ ಕಂಬಳಿ ನೇಯುವ ಕಸುಬು ಬೆಳೆದು ಚಳ್ಳಕೆರೆಯ ಕಂಬಳಿ ಹೆಸರಾಯಿತು.

2010ರ ಆಸುಪಾಸಿನ ವರ್ಷಗಳಲ್ಲಿ ಈ ಕಾವಲುಗಳ ಸುಮಾರು 10,000 ಎಕರೆ ಭೂಮಿಯನ್ನು ಹಲವು ಸಂಸ್ಥೆಗಳಿಗೆ ಹಂಚಲಾಯಿತು. ಅದರಲ್ಲಿ 4,290 ಎಕರೆ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ ಸಂದಿತು. ಗೋಡೆ ಏಳತೊಡಗಿದ ಮೇಲೆಯೇ ಅನೇಕ ಹಳ್ಳಿಗರಿಗೆ ವಿಷಯ ತಿಳಿದದ್ದು. ದೊಡ್ಡ ಉಳ್ಳಾರ್ತಿ ಮೊದಲಾದ ಊರುಗಳ ಜನ ಪ್ರತಿಭಟಿಸಿದರು. ವ್ಯಾಜ್ಯವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿ 2014ರಲ್ಲಿ ತೀರ್ಪಾಯಿತು. ರಕ್ಷಣಾ ಸಂಸ್ಥೆಯ ಕಾಮಗಾರಿ ಮುಂದುವರಿಯಿತು. 2017ರ ಮೇ 28ರಂದು ಅಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಪೈಲಟ್ ಇಲ್ಲದೆ ಹಾರುವ ವಿಮಾನಗಳ ಪರೀಕ್ಷೆ ಅಲ್ಲಿ ನಡೆದಿದೆ. 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆಯ ಮರುಬಳಕೆಯ ಉಡಾವಣಾ ವಾಹನದ ಮಾದರಿಯು ಅಲ್ಲಿಯ ಓಡುಹಾದಿಯ ಮೇಲೆಯೇ ತಾನಾಗಿ ಇಳಿಯಿತು. ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿಯೂ 615 ಎಕರೆಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ನಿರ್ಮಾಣಗೊಂಡು 2023ರ ಫೆಬ್ರವರಿ 6ರಂದು ರಾಷ್ಟ್ರಕ್ಕೆ ಸಮರ್ಪಿತವಾಯಿತು.

ಇವು ಹೆಮ್ಮೆಪಡತಕ್ಕ ಸಾಧನೆಗಳು. ಗಡಿ ಭದ್ರವಾಗಿರದಿದ್ದರೆ ಗೋಮಾಳವೂ ನಮ್ಮದಾಗಿ ಉಳಿಯದು. ಹಡಗಿಗೆ ನೆಲೆ ಬೇಕು, ವಿಮಾನಕ್ಕೆ ಬಯಲು ಬೇಕು. ಇದನ್ನು ಅಲ್ಲಗಳೆಯುವವನು ವಿವೇಕಿಯಲ್ಲ. ಆದರೆ ತ್ಯಾಗದ ಲೆಕ್ಕ ಬರೆಯುವಾಗ ಪಹಣಿಯಲ್ಲಿ ಹೆಸರಿದ್ದವನನ್ನು ಮಾತ್ರ ಎಣಿಸಿ, ಪಹಣಿಯಿಲ್ಲದವನನ್ನು ಮರೆತರೆ ಲೆಕ್ಕ ತಪ್ಪುತ್ತದೆ. ‘ಸರ್ಕಾರಿ ಭೂಮಿ, ಖಾಲಿ ಬಿದ್ದಿದೆ’ ಎಂದು ಕಾಗದದಲ್ಲಿ ಬರೆದ ನೆಲದಲ್ಲಿ ಕುರಿ ಮೇಯುತ್ತಿರುತ್ತದೆ, ಜಿಂಕೆ ಮರಿ ಹಾಕುತ್ತಿರುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂಜರೆಂದು ಹೊರಗಿನವರಿಗೆ ತೋರಬಹುದಾದ ಆ ಬಯಲು ಕೃಷ್ಣಮೃಗಗಳ ಬೀಡು. 2007ರಲ್ಲಿ ಅದು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು.

ಹಳ್ಳಿಯ ಸಾಮುದಾಯಿಕ ಭೂಮಿಯನ್ನು ಕಾಪಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2011ರ ಜನವರಿ 28ರ ತೀರ್ಪಿನಲ್ಲಿ ಒತ್ತಿ ಹೇಳಿದೆ. ಆ ಮಾತು ಒತ್ತುವರಿದಾರರಿಗೆ ಎಚ್ಚರಿಕೆ; ಭೂಮಿಯನ್ನು ಮಂಜೂರು ಮಾಡುವವರಿಗೂ ಅದು ನೆನಪಿರಬೇಕು. ಅನಿವಾರ್ಯವಾಗಿ ಕೊಡಬೇಕಾದಾಗ ಮೊದಲು ಊರವರನ್ನು ಕೂರಿಸಿ ಕೇಳಬೇಕು, ಅಗತ್ಯವಿರುವಷ್ಟನ್ನೇ ತೆಗೆದುಕೊಳ್ಳಬೇಕು, ಮೇವಿಗೂ ದೋಣಿಗೂ ಬದಲಿ ತಾವು ಕಲ್ಪಿಸಬೇಕು. ಗಡಿ ಕಾಯುವ ಯೋಧನೂ ಇಂತಹುದೇ ಹಳ್ಳಿಯಿಂದ ಹೋದವನು. ತನ್ನ ತಾತನ ಹಿಂಡಿಗೆ ಮೇವಿಲ್ಲದಂತಾಗಲೆಂದು ಅವನು ಬಯಸುವನೆ?

ಮುಂದೆ ನಿಮ್ಮಲ್ಲಿ ಕೆಲವರು ಸೈನಿಕರಾಗುವಿರಿ, ಕೆಲವರು ತಹಸೀಲ್ದಾರರಾಗುವಿರಿ. ಯಾವುದಾದರೊಂದು ಊರಿನ ನಕ್ಷೆ ನಿಮ್ಮ ಮೇಜಿನ ಮೇಲೆ ಬಂದಾಗ, ಹೆಸರಿಲ್ಲದ ಸರ್ವೆ ನಂಬರಿನ ಮೇಲೆ ಬೆರಳಿಟ್ಟು, ‘ಇಲ್ಲಿ ಯಾರು ಬದುಕುತ್ತಿದ್ದಾರೆ?’ ಎಂದು ಒಮ್ಮೆ ಕೇಳಿ; ಆಮೇಲೆ ಸಹಿ ಹಾಕಿ.

ಅಭ್ಯಾಸ

1. ಗೋಮಾಳಕ್ಕೂ ಕಡಲ ದಂಡೆಗೂ ಲೇಖಕರು ಕಾಣುವ ಹೋಲಿಕೆ ಯಾವುದು?
2. ಅಂದಿನ ಮೀಸಲು ಕಾವಲಿಗೂ ಇಂದಿನ ಮೀಸಲಿಗೂ ಇರುವ ವ್ಯತ್ಯಾಸವನ್ನು ವಿವರಿಸಿರಿ.
3. “ನಂದು ಅಂತ ಒಂದು ಗುಂಟೆನೂ ಇಲ್ಲ ಕಣಪ್ಪ” – ಸಂದರ್ಭದೊಡನೆ ಸ್ವಾರಸ್ಯವನ್ನು ಬರೆಯಿರಿ.
4. ನಿಮ್ಮ ಊರಿನ ಸಾರ್ವಜನಿಕ ಭೂಮಿಗಳನ್ನು ಹಿರಿಯರಿಂದ ಕೇಳಿ ತಿಳಿದು, ಅವುಗಳ ಉಪಯೋಗಗಳನ್ನು ಪಟ್ಟಿ ಮಾಡಿರಿ.