ಶ್ವಾಸಮಾರ್ಗದಲ್ಲಿ ಬೂಷ್ಟಿನ ನೆಲೆ

ಮಳೆಗಾಲದಲ್ಲಿ ತೇವಗೊಂಡ ಹುಲ್ಲಿನ ಬಣವೆ, ಕೊಳೆಯುವ ತಿಪ್ಪೆ, ಮುಗ್ಗಿದ ಧಾನ್ಯ ಇವುಗಳಲ್ಲಿ ಬೂಷ್ಟು ಬೆಳೆಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದೇ ಬೂಷ್ಟು ಮಾನವನ ಶ್ವಾಸಕೋಶದಲ್ಲಿಯೂ ನೆಲೆಯೂರಬಲ್ಲುದೆಂಬುದು ಅನೇಕರಿಗೆ ತಿಳಿಯದು.

ಇಂಥ ಶಿಲೀಂಧ್ರಗಳಲ್ಲಿ ಮುಖ್ಯವಾದುದು ಆಸ್ಪರ್ಜಿಲಸ್. ಫ್ಲಾರೆನ್ಸಿನ ಪಾದ್ರಿಯೂ ಸಸ್ಯವಿಜ್ಞಾನಿಯೂ ಆಗಿದ್ದ ಮಿಕೇಲಿಯು 1729ರಲ್ಲಿ ಇದನ್ನು ವರ್ಣಿಸಿ, ಇಗರ್ಜಿಯಲ್ಲಿ ಪವಿತ್ರಜಲವನ್ನು ಚಿಮುಕಿಸುವ ಸಾಧನದ ಆಕಾರವನ್ನು ಹೋಲುವುದೆಂದು ಈ ಹೆಸರನ್ನಿತ್ತನು. ಇದರ ಬೀಜಕಗಳ ಗಾತ್ರ 2ರಿಂದ 3 ಮೈಕ್ರೋಮೀಟರ್. ಒಂದು ಮಿಲಿಮೀಟರ್ ಉದ್ದದಲ್ಲಿ ಮುನ್ನೂರಕ್ಕೂ ಹೆಚ್ಚು ಬೀಜಕಗಳು ಸಾಲಾಗಿ ನಿಲ್ಲಬಲ್ಲವು. ದಿನವೊಂದಕ್ಕೆ ಇಂಥ ನೂರಾರು ಬೀಜಕಗಳನ್ನು ನಾವು ಉಸಿರಿನೊಡನೆ ಒಳಗೆಳೆದುಕೊಳ್ಳುತ್ತೇವೆ.

ಹಾಗಾದರೆ ಎಲ್ಲರೂ ಏಕೆ ರೋಗಿಗಳಾಗುವುದಿಲ್ಲ? ಶ್ವಾಸನಾಳದ ಲೋಳೆಯು ಬೀಜಕಗಳನ್ನು ಹಿಡಿಯುತ್ತದೆ. ಒಳಗೋಡೆಯ ಸೂಕ್ಷ್ಮರೋಮಗಳು ಆ ಲೋಳೆಯನ್ನು ಗಂಟಲಿನತ್ತ ತಳ್ಳುತ್ತವೆ. ಇನ್ನೂ ಆಳಕ್ಕಿಳಿದವನ್ನು ಭಕ್ಷಕ ಕೋಶಗಳು ನುಂಗುತ್ತವೆ. ಆದರೆ ದೀರ್ಘಕಾಲದ ರೋಗದಿಂದ ಶ್ವಾಸನಾಳಗಳು ಹಿಗ್ಗಿ ಸಡಿಲಗೊಂಡವರಲ್ಲಿ, ಧೂಮಪಾನ ಅಥವಾ ಒಲೆಯ ಹೊಗೆಯಿಂದ ಶ್ವಾಸಕೋಶ ಜರ್ಜರಿತವಾದವರಲ್ಲಿ, ಈ ವ್ಯವಸ್ಥೆ ಕುಂದುತ್ತದೆ. ನಿಂತ ಲೋಳೆಯೇ ಬೂಷ್ಟಿಗೆ ನೆಲೆಯಾಗುತ್ತದೆ.

ಈ ನೆಲೆಯೂರುವಿಕೆಯ ಪರಿಣಾಮ ಎಲ್ಲರಲ್ಲಿ ಒಂದೇ ಅಲ್ಲ. ಕೆಲವರ ಕಫದಲ್ಲಿ ಶಿಲೀಂಧ್ರ ಕಂಡುಬಂದರೂ ಅದರಿಂದ ಯಾವ ಹಾನಿಯೂ ಇರದು. ಉಬ್ಬಸದ ಕೆಲವು ರೋಗಿಗಳಲ್ಲಿ ಅದು ತೀವ್ರ ಅಲರ್ಜಿಯನ್ನು ಕೆರಳಿಸುತ್ತದೆ. ಇಂಗ್ಲೆಂಡಿನ ವೈದ್ಯರು ಇದನ್ನು 1952ರಲ್ಲಿ ಪ್ರತ್ಯೇಕ ವ್ಯಾಧಿಯೆಂದು ಗುರುತಿಸಿದರು. ಮೂರನೆಯದು, ಗುಣವಾದ ಕ್ಷಯವು ಬಿಟ್ಟುಹೋದ ಕುಳಿಗಳಲ್ಲಿ ಶಿಲೀಂಧ್ರವು ಉಂಡೆಗಟ್ಟುವುದು. ಬ್ರಿಟನ್ನಿನಲ್ಲಿ ಇಂಥ ಕುಳಿಗಳುಳ್ಳ 544 ರೋಗಿಗಳನ್ನು ಪರೀಕ್ಷಿಸಿದಾಗ ಶೇಕಡಾ 11 ಮಂದಿಯಲ್ಲಿ ಈ ಉಂಡೆಗಳಿದ್ದವು. 1970ರಲ್ಲಿ ಪ್ರಕಟವಾದ ಮರುಪರಿಶೀಲನೆಯಲ್ಲಿ ಈ ಪ್ರಮಾಣ ಶೇಕಡಾ 17ಕ್ಕೇರಿತ್ತು.

ಕ್ಷಯಪೀಡಿತರು ಅಧಿಕವಾಗಿರುವ ನಮ್ಮ ದೇಶಕ್ಕೆ ಈ ಮೂರನೆಯ ಸ್ಥಿತಿಯೇ ಅತ್ಯಂತ ಗಮನಾರ್ಹವಾದುದು. ಕೆಮ್ಮು, ತೂಕದ ಇಳಿತ, ಕಫದಲ್ಲಿ ರಕ್ತ ಇವೆಲ್ಲ ಕ್ಷಯದ ಲಕ್ಷಣಗಳೇ ಆಗಿರುವುದರಿಂದ, ರೋಗ ಮರುಕಳಿಸಿತೆಂದು ಭಾವಿಸಿ ಹಳೆಯ ಔಷಧಿಯನ್ನೇ ಮತ್ತೆ ಕೊಡುವುದುಂಟು. ಕ್ಷಯದ ಔಷಧಿಯಿಂದ ಶಿಲೀಂಧ್ರ ಸಾಯುವುದಿಲ್ಲ. ಮೇಲಾಗಿ ರಿಫಾಂಪಿಸಿನ್, ಶಿಲೀಂಧ್ರನಾಶಕವಾದ ಇಟ್ರಾಕೊನಜೋಲ್‌ನ ಪ್ರಮಾಣವನ್ನು ರಕ್ತದಲ್ಲಿ ಬಹಳವಾಗಿ ತಗ್ಗಿಸುತ್ತದೆ. ಆದಕಾರಣ ಕಫದಲ್ಲಿ ಕ್ಷಯಾಣು ಕಾಣದಿದ್ದಾಗ ಆಸ್ಪರ್ಜಿಲಸ್ ಪ್ರತಿಕಾಯದ ರಕ್ತಪರೀಕ್ಷೆಯನ್ನೂ ಎದೆಯ ಸಿ.ಟಿ. ಚಿತ್ರವನ್ನೂ ಮಾಡಿಸುವುದು ಉಚಿತ.

ಔಷಧಿಗೆ ಬಗ್ಗದ ತಳಿಗಳೂ ಈಗ ಕಾಣಿಸಿಕೊಂಡಿವೆ. ಬೆಳೆಗಳಿಗೆ ಸಿಂಪಡಿಸುವ ತತ್ಸಮಾನ ರಾಸಾಯನಿಕಗಳು ಇದಕ್ಕೊಂದು ಕಾರಣ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಆಸ್ಪರ್ಜಿಲಸ್ ಫ್ಯೂಮಿಗೇಟಸ್ಸನ್ನು ಅತಿ ಗಂಭೀರ ಶಿಲೀಂಧ್ರಗಳ ಪಂಕ್ತಿಗೆ ಸೇರಿಸಿತು.

ಬೀಜಕಗಳಿಲ್ಲದ ಗಾಳಿಯನ್ನು ಯಾರೂ ಕಲ್ಪಿಸಲಾರರು. ಆದರೆ ಎದೆಯ ಹಳೆಯ ವ್ಯಾಧಿಯುಳ್ಳವರು ಮುಗ್ಗಿದ ಹುಲ್ಲು, ಧಾನ್ಯಗಳ ಧೂಳಿನಿಂದ ದೂರವಿರಬಹುದು; ಧೂಮಪಾನವನ್ನು ತ್ಯಜಿಸಬಹುದು. ಕ್ಷಯ ಗುಣವಾದ ವರ್ಷಗಳ ಮೇಲೆ ರಕ್ತ ಕಾಣಿಸಿಕೊಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕೆಂಬ ಮಾತನ್ನು ಅಧ್ಯಾಪಕರು ಮಕ್ಕಳ ಮೂಲಕ ಮನೆಮನೆಗೆ ಮುಟ್ಟಿಸಿದರೆ, ಈ ಪಾಠವು ಸಾರ್ಥಕವಾದೀತು.