ತೈಲವಿದ್ದರೆ ಸಾಲದು, ದಾರಿಯೂ ಬೇಕು

ಯುಎಇ ಎಂದೊಡನೆ ತೈಲ ನೆನಪಾಗುತ್ತದೆ. ಆದರೆ ಆ ತೈಲ ಹೊರದೇಶಗಳಿಗೆ ಹೋಗುವ ದಾರಿ ಯಾವುದು? ವಿದ್ಯಾರ್ಥಿಗಳೇ, ಭೂಪಟ ತೆರೆದಿಟ್ಟುಕೊಂಡು ಈ ಪಾಠ ಓದಿ.

ನಿಕ್ಷೇಪ ಎಲ್ಲಿದೆ?
ಏಳು ಎಮಿರೇಟ್‌ಗಳ ಈ ಒಕ್ಕೂಟದಲ್ಲಿ ತೈಲದ ಬಹುಪಾಲು ಇರುವುದು ಅಬುಧಾಬಿಯಲ್ಲಿ. 1958ರಲ್ಲಿ ಅಲ್ಲಿನ ಸಮುದ್ರದ ತಳದಲ್ಲಿ ತೈಲ ಪತ್ತೆಯಾಯಿತು. 1962ರಲ್ಲಿ ದಾಸ್ ದ್ವೀಪದಿಂದ ಮೊದಲ ರಫ್ತು ಹೊರಟಿತು.

ತೊಂದರೆ ಏನು?
ಅಬುಧಾಬಿಯ ತೀರ ಪರ್ಶಿಯನ್ ಕೊಲ್ಲಿಯ ಒಳಗಿದೆ. ಅಲ್ಲಿಂದ ಹೊರಡುವ ಹಡಗು ಹಾರ್ಮುಜ್ ಜಲಸಂಧಿಯನ್ನು ದಾಟಲೇಬೇಕು. ಸೌದಿ ಅರೇಬಿಯಾ, ಕುವೈತ್, ಇರಾಕ್, ಕತಾರ್‌ಗಳ ಹಡಗುಗಳಿಗೂ ಇದೇ ಬಾಗಿಲು. ಇಲ್ಲಿ ಯುದ್ಧಭಯ ಉಂಟಾದರೆ ಹಡಗಿನ ವಿಮೆ ದುಬಾರಿಯಾಗುತ್ತದೆ, ತೈಲದ ಬೆಲೆ ಏರುತ್ತದೆ.

ಕೊಳವೆಯ ಉತ್ತರ
ಏಳರಲ್ಲಿ ಫುಜೈರಾ ಮಾತ್ರ ಸಂಪೂರ್ಣವಾಗಿ ಒಮಾನ್ ಕೊಲ್ಲಿಯ ಕಡೆಗಿದೆ, ಅಂದರೆ ಜಲಸಂಧಿಯ ಆಚೆ. ಅಬುಧಾಬಿಯ ಹಬ್‌ಶಾನ್‌ನಿಂದ ಮರುಭೂಮಿ ಮತ್ತು ಬೆಟ್ಟಗಳನ್ನು ದಾಟಿ ಫುಜೈರಾ ಸೇರುವ ಸುಮಾರು 400 ಕಿ.ಮೀ. ಕೊಳವೆಮಾರ್ಗ 2012ರಲ್ಲಿ ಆರಂಭವಾಯಿತು. ದಿನಕ್ಕೆ 15 ಲಕ್ಷ ಬ್ಯಾರೆಲ್ ಸಾಗಿಸುವಂತೆ ಅದನ್ನು ರೂಪಿಸಲಾಯಿತು. ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರ್. ಗುಣಿಸಿದರೆ ದಿನಕ್ಕೆ ಸುಮಾರು 24 ಕೋಟಿ ಲೀಟರ್!

ಆದರೂ ಇದು ಅರ್ಧ ಉತ್ತರ ಮಾತ್ರ. ಈ ಕೊಳವೆಯಲ್ಲಿ ಹೋಗುವುದು ಕಚ್ಚಾತೈಲ. ದಾಸ್ ದ್ವೀಪದಲ್ಲಿ ದ್ರವೀಕರಿಸಿದ ಅನಿಲ ಹಡಗಿನಲ್ಲೇ ಜಲಸಂಧಿ ದಾಟಬೇಕು. ದುಬೈನ ಜೆಬೆಲ್ ಅಲಿ ಬಂದರೂ ಕೊಲ್ಲಿಯ ಒಳಗೇ ಇದೆ.

ದೇಶದೊಳಗಿನ ಬಳಕೆ
ವಿದ್ಯುತ್ತಿಗೂ ಸಮುದ್ರದ ನೀರನ್ನು ಸಿಹಿನೀರಾಗಿಸಲೂ ಅಪಾರ ಶಕ್ತಿ ಬೇಕು. ಇದಕ್ಕಾಗಿ ಅನಿಲಸಂಪನ್ನ ಯುಎಇ ಕೂಡ 2007ರಿಂದ ಸಮುದ್ರದಡಿಯ ಕೊಳವೆಯ ಮೂಲಕ ಕತಾರ್‌ನ ಅನಿಲ ತರಿಸುತ್ತಿದೆ. ಬರಾಕಾ ಅಣುಸ್ಥಾವರದ ನಾಲ್ಕನೇ ಘಟಕವೂ 2024ರಲ್ಲಿ ಕಾರ್ಯಾರಂಭ ಮಾಡಿತು. ಈಗ ದೇಶದ ವಿದ್ಯುತ್ತಿನ ಸುಮಾರು ಕಾಲುಭಾಗ ಅಲ್ಲಿಂದ ಬರುತ್ತದೆ.

ನಮಗೇನು ಸಂಬಂಧ?
ಮಾರುವವನಿಗೆ ದಾರಿಯ ಚಿಂತೆಯಾದರೆ ಕೊಳ್ಳುವವನಿಗೆ ದಾಸ್ತಾನಿನ ಚಿಂತೆ. ಮಂಗಳೂರಿನಲ್ಲಿ ಬಂಡೆ ಕೊರೆದು ನಿರ್ಮಿಸಿದ ಭೂಗತ ಸಂಗ್ರಹಾಗಾರ 15 ಲಕ್ಷ ಟನ್ ಕಚ್ಚಾತೈಲ ಹಿಡಿಸುತ್ತದೆ. ಅದರ ಒಂದು ಭಾಗವನ್ನು ತುಂಬಲು ಅಬುಧಾಬಿಯ ರಾಷ್ಟ್ರೀಯ ತೈಲ ಕಂಪನಿಯ ಮೊದಲ ಹಡಗು 2018ರಲ್ಲಿ ಇಲ್ಲಿಗೆ ಬಂತು. ಆಪತ್ಕಾಲಕ್ಕೆಂದು ಮನೆಯಲ್ಲಿ ಅಕ್ಕಿ ಕೂಡಿಡುವ ಹಾಗೆಯೇ ಇದು.

ಯೋಚಿಸಿ:
1. ಕೊಲ್ಲಿಯ ಒಳಗಿರುವ ಕುವೈತ್‌ಗೆ ಫುಜೈರಾದಂಥ ತೀರ ಏಕಿಲ್ಲ? ಭೂಪಟ ನೋಡಿ ಹೇಳಿ.
2. ಜಲಸಂಧಿ ಮುಚ್ಚಿದರೆ ನಮ್ಮ ಊರಿನ ತರಕಾರಿಯ ಬೆಲೆ ಏಕೆ ಏರಬಹುದು?